ಕೆಳಗಿನಿಂದ ಮೇಲಕ್ಕೆ: ಪೇಂಟ್ ಹೊಡೆಸದೆ ಗೋಡೆ ಉಳಿಸಿಕೊಂಡ ಅನುಭವ

ನಮ್ಮ ಭಾವ ಪೇಂಟಿಂಗ್ ಕಾಂಟ್ರಾಕ್ಟ್ ಮಾಡುತ್ತಾರೆ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಒನ್ ಬಿಎಚ್‌ಕೆಗೆ ಅವರು ಹೇಳಿದ್ದು ಸುಮಾರು 45 ಸಾವಿರ. ಕೆರೆದು, ಪುಟ್ಟಿ ಹಾಕಿ, ಪ್ರೈಮರ್ ಮೇಲೆ ಎರಡು ಕೋಟ್. ಅದೂ ಮನೆಯವರ ರೇಟಂತೆ! "ಇದು ತೊಳೆದರೆ ಹೋಗುವ ಗೋಡೆಯಲ್ಲ" ಅಂದಿದ್ದರು. ಹೋದ ಅಕ್ಟೋಬರಿನಲ್ಲಿ ತೊಳೆದೆ. ಈ ಸಲದ ಮಳೆಗಾಲ ಪೂರ್ತಿ ಕಳೆದ ಮೇಲೆ ಅವರೇ ಬಂದು ಗೋಡೆ ಸವರಿ ನೋಡಿ, ಮಾತಾಡದೆ ಟೀ ಕುಡಿದು ಹೋದರು. ನನಗೆ ಆದ ಖರ್ಚು 1,300ರ ಆಸುಪಾಸು.

ದೊಡ್ಡ ತಲೆನೋವು ಬೆಡ್‌ರೂಮಿನ ಪಡುವಣ ಗೋಡೆ. ಇಲ್ಲಿ ಮಳೆ ಹೊಡೆಯುವುದೇ ಆ ದಿಕ್ಕಿನಿಂದ ಅಲ್ವಾ? ಜುಲೈ ಬಂತೆಂದರೆ ಕಪಾಟಿನ ಹಿಂದೆ ಕಪ್ಪು ಬೂಷ್ಟು. ಮೊದಲೆಲ್ಲ ಬ್ಲೀಚ್ ಹೊಡೆಯುತ್ತಿದ್ದೆ. ಕೂಡಲೇ ಬೆಳ್ಳಗಾಗುತ್ತಿತ್ತು, ಖುಷಿಯೂ ಆಗುತ್ತಿತ್ತು. ತಿಂಗಳೊಳಗೆ ಅದೇ ಜಾಗದಲ್ಲಿ ಮತ್ತೆ ಚುಕ್ಕೆ. ಮೇಲಾಗಿ ಡಿಸ್ಟೆಂಪರ್ ಪೇಂಟಿನ ತಿಳಿಹಸಿರು ಹೋಗಿ ಹಂಡಬಂಡ ಆಯಿತು. ವಿನೆಗರ್ ಹಾಕಿ ನೋಡಿದ್ದೂ ಆಯಿತು. ಬೂಷ್ಟು ಸ್ವಲ್ಪ ತಡವಾಗಿ ಬಂತು, ಅಷ್ಟೇ. ವಾಸನೆಗೆ ಮಕ್ಕಳು ಹಾಲ್‌ನಲ್ಲಿ ಮಲಗಿದರು. (ಬ್ಲೀಚ್ ಜೊತೆ ವಿನೆಗರ್ ಆಗಲಿ, ಬಾತ್‌ರೂಮ್ ಆಸಿಡ್ ಆಗಲಿ ಸೇರಿಸಬೇಡಿ. ಕ್ಲೋರಿನ್ ಗ್ಯಾಸ್ ಬರುತ್ತದೆ.)

ಕೆಲಸಕ್ಕೆ ಬಂದದ್ದು ಬಿಳಿಗಾರ (ಬೊರಾಕ್ಸ್). ಇಲ್ಲಿಯ ಅಂಗಡಿಗಳಲ್ಲಿ ಟಾಕಣಖಾರ ಅಂತ ಕೇಳಿ, ಕೊಡುತ್ತಾರೆ. ಲೀಟರ್ ಬಿಸಿನೀರಿಗೆ 40 ಗ್ರಾಂ ಅಂದಾಜು. ತುಂಬ ಹೆಚ್ಚಾದರೆ ನೀರು ಆರಿದ ಮೇಲೆ ತಳದಲ್ಲಿ ಹರಳು ಕಟ್ಟುತ್ತದೆ, ಸುಮ್ನೆ ದಂಡ. ಬೂಷ್ಟನ್ನು ಒಣಗಿದ್ದಾಗ ಉಜ್ಜಬೇಡಿ, ಮನೆಯೆಲ್ಲ ಹಾರುತ್ತದೆ. ಮಾಸ್ಕ್ ಹಾಕಿಕೊಂಡು, ಮೊದಲು ನೆನೆಸಿ, ಆಮೇಲೆ ಒರೆಸಿ. ಕೊನೆಯ ಕೈ ಬಿಳಿಗಾರದ ನೀರು ಹಚ್ಚಿ ಹಾಗೇ ಬಿಡಬೇಕು, ತೊಳೆಯಬಾರದು. ಗುಟ್ಟು ಇರುವುದು ಅಲ್ಲೇ. ಮಕ್ಕಳ ಕೈ ಆ ಗೋಡೆಗೆ ತಾಗದಂತೆ ಮಾತ್ರ ನೋಡಿಕೊಳ್ಳಿ.

ಇನ್ನೊಂದು ಮಾತು. ಎಲ್ಲರೂ ಗಣಪತಿ ಹಬ್ಬಕ್ಕೆ ಮುಂಚೆ ಗೋಡೆ ತೊಳೆಯುತ್ತಾರೆ. ಆ ಹವೆಯಲ್ಲಿ ಗೋಡೆ ಒಣಗುವುದುಂಟೇ? ಹೊರಗೆ ಸುರಿಯುತ್ತಿರುವಾಗ ಒಳಗಿನಿಂದಲೂ ನೀರು ಕುಡಿಸಿದ ಹಾಗೆ. ಅಕ್ಟೋಬರಿನ ಸುಡುಬಿಸಿಲನ್ನು ಎಲ್ಲರೂ ಬಯ್ಯುತ್ತಾರೆ. ನನಗೆ ಬೇಕಾದದ್ದು ಅದೇ. ಕಿಟಕಿ ತೆಗೆದಿಟ್ಟು, ಟೇಬಲ್ ಫ್ಯಾನನ್ನು ಗೋಡೆ ಕಡೆ ತಿರುಗಿಸಿಟ್ಟೆ. ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದೆ. ರೂಮು ಚಿಕ್ಕದಾಯಿತೆಂದು ಮನೆಯಲ್ಲಿ ಇವತ್ತಿಗೂ ಗೊಣಗಾಟ ಇದೆ.

ಅಡುಗೆಮನೆಯ ಜಿಡ್ಡಿಗೆ ಕೆಳಗಿನಿಂದ ಮೇಲಕ್ಕೆ ತೊಳೆದೆ. ಎದುರುಮನೆ ಕಾಕೂ (ಆಂಟಿ) ನಕ್ಕರು, ಕೆಲಸದವಳೂ ನಕ್ಕಳು. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಒಣಗೋಡೆಯ ಮೇಲೆ ಇಳಿಯುತ್ತದೆ, ಒಣಗೋಡೆ ಅದನ್ನು ಹೀರಿಕೊಳ್ಳುತ್ತದೆ. ಆ ಗೆರೆಗಳು ಆಮೇಲೆ ಸಾಯುವವರೆಗೂ ಹೋಗುವುದಿಲ್ಲ. ಕೆಳಗೆ ಮೊದಲೇ ಒದ್ದೆಯಿದ್ದರೆ ನೀರು ಜಾರಿ ಹೋಗುತ್ತದೆ. ಕೊನೆಗೆ ಬರೀ ನೀರಿನಲ್ಲಿ ಒರೆಸುವಾಗ ಮಾತ್ರ ಮೇಲಿನಿಂದ ಕೆಳಕ್ಕೆ. ವಾಷಿಂಗ್ ಸೋಡಾ ಎಲ್ಲರಿಗೂ ಗೊತ್ತು. ಅದರ ಜೊತೆ ನಾನು ಇನ್ನೊಂದು ಸೇರಿಸುತ್ತೇನೆ. ಅದನ್ನು ಇಲ್ಲಿ ಹೇಳುವುದಿಲ್ಲ, ಭಾವ ಓದಿದರೆ ನಾಳೆಯಿಂದ ಅದಕ್ಕೂ ಬಿಲ್ ಹಾಕುತ್ತಾರೆ. ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಪೇಂಟ್ ಇತ್ತು, ಸೋಡಾ ತಡೆಯಿತು. ಡಿಸ್ಟೆಂಪರ್ ಗೋಡೆಗೆ ಸೋಡಾ ಹಾಕಬೇಡಿ. ಒದ್ದೆ ಬೆರಳಿನಿಂದ ಉಜ್ಜಿದಾಗ ಬೆರಳಿಗೆ ಪುಡಿ ಅಂಟಿದರೆ, ಹಿಂಡಿದ ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ ತೆಗೆಯುವುದೊಂದೇ ದಾರಿ.

ಬಿಳಿ ಮ್ಯಾಜಿಕ್ ಸ್ಪಂಜಿಗೆ ನೂರಾರು ರೂಪಾಯಿ ಹೋಯಿತು. ಪೆನ್ಸಿಲ್ ಗೀಟು ಹೋಗುತ್ತದೆ, ನಿಜ. ಆದರೆ ಅದು ತೆಳುವಾದ ಉಪ್ಪುಕಾಗದವೇ. ಉಜ್ಜಿದಲ್ಲೆಲ್ಲ ಬೇರೆ ಥರ ಹೊಳಪು ಬಂತು, ಸಂಜೆ ಲೈಟ್ ಹಾಕಿದರೆ ಎದ್ದು ಕಾಣುತ್ತದೆ.

ದೇವರ ಮೂಲೆಯ ದೀಪದ ಮಸಿಗೆ ನೀರು ಮುಟ್ಟಿಸಲೇ ಇಲ್ಲ. ಮಸಿಗೆ ನೀರು ತಾಗಿದರೆ ಬಳಿದುಕೊಂಡಂತೆಯೇ. ಮಕ್ಕಳು ಆಡುವ ಪ್ಲೇ-ಡೋ ಇದೆಯಲ್ಲ, ಅದು ಮೊದಲು ಅಮೆರಿಕದ ಸಿನ್ಸಿನಾಟಿಯಲ್ಲಿ ವಾಲ್‌ಪೇಪರ್ ಮೇಲಿನ ಕಲ್ಲಿದ್ದಲ ಮಸಿ ತೆಗೆಯುವ ಹಿಟ್ಟಾಗಿತ್ತು. 1956ರ ಹೊತ್ತಿಗೆ ಆಟಿಕೆಯಾಯಿತು. ಅದು ನೆನಪಾಗಿ ಚಪಾತಿ ಹಿಟ್ಟಿನ ಉಂಡೆ ಒತ್ತಿ ನೋಡಿದೆ. ಗೋಧಿಹಿಟ್ಟು ಗೋಡೆಗೇ ಅಂಟಿತು. ಮೈದಾಕ್ಕೆ ಕೈತುಂಬ ಉಪ್ಪು ಹಾಕಿ ಗಟ್ಟಿಯಾಗಿ ಕಲಸಿದ ಮೇಲೆ ಮಸಿ ಎದ್ದು ಬಂತು. ಉಜ್ಜಬಾರದು, ಒತ್ತಿ ಎತ್ತಬೇಕು. ಮಾವನವರಿಗೆ ಅನ್ನಪದಾರ್ಥ ಹಾಳು ಮಾಡಿದ್ದು ಸರಿಬರಲಿಲ್ಲ, ಒಂದು ಹೊತ್ತು ಮಾತು ಬಿಟ್ಟರು.

ಬಾತ್‌ರೂಮಿಗೆ ತಾಗಿದ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಏಳುತ್ತದೆ. ಅದನ್ನು ಒಣ ಬ್ರಷ್‌ನಲ್ಲಿ ಉದುರಿಸಿ ಬಿಟ್ಟಿದ್ದೇನೆ. ಒದ್ದೆ ಮಾಡಿದರೆ ಉಪ್ಪು ಕರಗಿ ಮತ್ತೆ ಒಳಗೇ ಸೇರುತ್ತದೆ. ಅದು ಪೈಪಿನ ಲೀಕೇಜು, ಬಟ್ಟೆ ಬಕೆಟ್ಟಿನ ಕೆಲಸವಲ್ಲ. ಮೇಲಿನ ಫ್ಲಾಟಿನವರು ಟೈಲ್ಸ್ ಒಡೆಸಲು ಒಪ್ಪಿದರೆ ಮುಂದಿನದು ನೋಡೋಣ.