ಬೆಳೆದಿದೆಯಾ, ಇಲ್ವಾ: ಅಷ್ಟನ್ನೇ ಎಐಗೆ ಬಿಟ್ಟೆ

ದಾವಣಗೆರೆಯ ನಮ್ಮ ಲ್ಯಾಬಿಗೆ ಬರುವ ಕಲ್ಚರ್‌ಗಳಲ್ಲಿ (ಸ್ಯಾಂಪಲನ್ನು ಅಗರ್ ಎಂಬ ಜೆಲ್ಲಿ ತುಂಬಿದ ಪ್ಲೇಟಿಗೆ ಹಚ್ಚಿ, ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ನೋಡುವ ಪರೀಕ್ಷೆ) ಮುಕ್ಕಾಲು ಪಾಲು ಯೂರಿನ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ಲೇಟ್‌ಗಳಲ್ಲಿ ಏನೂ ಬೆಳೆದಿರುವುದಿಲ್ಲ. ಆದರೂ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಲೇಬೇಕು. ಇದನ್ನು ಎಐಗೆ ಕೊಡ್ತೀನಿ ಅಂದಾಗ ನಗದವರು ಕಮ್ಮಿ. "ಅದೆಲ್ಲ ದೊಡ್ಡ ಮೆಷಿನ್ ಕೆಲಸ, ಮೊಬೈಲಲ್ಲಿ ಆಗುತ್ತಾ ಮೇಡಂ?" ಅಂದಿದ್ದ ಕಿಟ್ ಮಾರುವವರೇ ಈಗ ಬೇರೆ ಲ್ಯಾಬಿನವರನ್ನು ಕರೆತಂದು ತೋರಿಸುತ್ತಾರೆ.

ಶುರುವಿನಲ್ಲಿ ಆಸೆ ದೊಡ್ಡದು. ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಎಂಟರೊಕಾಕಸ್, ಎಲ್ಲ ಬ್ಯಾಕ್ಟೀರಿಯಾದ ಹೆಸರೂ ಅದೇ ಹೇಳಬೇಕು ಅಂತ. ಉಚಿತವಾಗಿ ಸಿಗುವ 18,000 ಪ್ಲೇಟ್ ಫೋಟೊಗಳ, 'ಅಗರ್' ಅಂತಲೇ ಹೆಸರಿರುವ ಡೇಟಾಸೆಟ್ ಇಟ್ಟುಕೊಂಡು, ಫೋಟೊದಲ್ಲಿ ವಸ್ತು ಗುರುತಿಸುವ ಯೋಲೋ ಎಂಬ ಎಐ ಮಾಡೆಲ್ ಟ್ರೇನ್ ಮಾಡಿದೆ. ಆ ಪ್ಲೇಟ್‌ಗಳಿಗೂ ನಾವು ಯೂರಿನ್‌ಗೆ ಬಳಸುವ ಹಸಿರು ಸಿಎಲ್‌ಇಡಿ ಅಗರ್‌ಗೂ ನೆಂಟಸ್ತಿಕೆಯೇ ಇಲ್ಲ. ಅಗರ್‌ನ ಗುಳ್ಳೆ, ಮಾರ್ಕರ್‌ನಲ್ಲಿ ಬರೆದ ನಂಬರ್, ಮುಚ್ಚಳದ ನೀರಹನಿ, ಟ್ಯೂಬ್‌ಲೈಟಿನ ಹೊಳಪು, ಎಲ್ಲವೂ ಅದಕ್ಕೆ ಕಾಲೊನಿ, ಅಂದರೆ ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ. ನಿಜವಾದ ಎಂಟರೊಕಾಕಸ್ ಚುಕ್ಕೆಗಳು ಮಾತ್ರ ಕಾಣಲಿಲ್ಲ! ಗ್ರಾಫಿಕ್ಸ್ ಕಾರ್ಡಿಗೆ ಹಾಕಿದ ಸುಮಾರು 30,000 ರೂಪಾಯಿ ಸುಮ್ನೆ ಹೋಯಿತು.

ಆಮೇಲೆ ಹೆಸರಿನ ಆಸೆ ಬಿಟ್ಟೆ. ಬೆಳೆದಿದೆಯಾ, ಇಲ್ವಾ, ಅಷ್ಟೇ. ಪ್ಲೇಟ್ ನೋಡುವ ಆಸ್ಟ್ರೇಲಿಯಾದ ಎಪಿಎಎಸ್ ಮೆಷಿನ್ 2016ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಪಡೆದದ್ದೂ ಯೂರಿನ್ ಪ್ಲೇಟ್‌ಗೇ. ನಮ್ಮದರಲ್ಲಿ ಕಟ್‌ಆಫ್ ಒಂದೇ ಕಡೆ ವಾಲಿಸಿದ್ದೇನೆ. ಖಾಲಿ ಪ್ಲೇಟನ್ನು 'ಬೆಳೆದಿದೆ' ಅಂದರೆ ನಷ್ಟವಿಲ್ಲ, ನಾವೇ ನೋಡ್ತೀವಿ. ಬೆಳೆದದ್ದನ್ನು 'ಇಲ್ಲ' ಅನ್ನಬಾರದು. ಮಕ್ಕಳ ಸ್ಯಾಂಪಲ್, ಕ್ಯಾಥೆಟರ್ ಸ್ಯಾಂಪಲ್, ಆಗಲೇ ಆಂಟಿಬಯೋಟಿಕ್ ತಗೊಂಡವರದು ಎಐಗೆ ಫೋಟೊ ತೆಗೆಯುವ ಪೆಟ್ಟಿಗೆಗೆ ಹೋಗುವುದೇ ಇಲ್ಲ.

ಪೆಟ್ಟಿಗೆ ಅಂದರೆ ಪ್ಲೈವುಡ್, ಒಳಗೆ ಕಪ್ಪು ವೆಲ್ವೆಟ್, ಎಲ್‌ಇಡಿ ಪಟ್ಟಿ, ಮೇಲೆ ಹಳೇ ಫೋನ್. ಎಲ್ಲ ಸೇರಿ 8,000 ಆಗಿರಬಹುದು. ಪಟ್ಟಿ ಯಾವ ಎತ್ತರದಲ್ಲಿ, ಯಾವ ಓರೆಯಲ್ಲಿ ಅಂತ ಹೇಳಲ್ಲ, ಗೆದ್ದಿದ್ದೇ ಅಲ್ಲಿ. ದುಡ್ಡು ತಿಂದದ್ದು ಲೇಬಲಿಂಗ್, ಅಂದರೆ ಒಂದೊಂದು ಪ್ಲೇಟಿಗೂ 'ಬೆಳೆದಿದೆ', 'ಇಲ್ಲ' ಅಂತ ಗುರುತು ಹಾಕುವುದು. ಇಬ್ಬರು ಎಂಎಲ್‌ಟಿ (ಲ್ಯಾಬ್ ಟೆಕ್ನಾಲಜಿ) ಹುಡುಗಿಯರಿಗೆ ಪ್ಲೇಟಿಗೆ 5 ರೂಪಾಯಿಯಂತೆ ಸುಮಾರು 4,000 ಪ್ಲೇಟ್ ಕೊಟ್ಟೆ. ಇಬ್ಬರ ಉತ್ತರ ಬೇರೆ ಬಂದ ಪ್ಲೇಟ್‌ಗಳನ್ನು ನಾನೇ ಕೂತು ತೀರ್ಮಾನಿಸಿದೆ. ಮಾಡೆಲ್ ಕಲಿತದ್ದು ಮುಖ್ಯವಾಗಿ ಅವುಗಳಿಂದಲೇ ಅನ್ನಿಸುತ್ತದೆ.

ನಡುವೆ ಒಂದು ಹುಚ್ಚು. ಪ್ಲೇಟ್‌ಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಒಳಗೇ ಫೋನ್ ಕಟ್ಟಿ ಕಾಲು ಗಂಟೆಗೊಂದು ಫೋಟೊ ತೆಗೆಸಿದೆ. ಲೆನ್ಸ್ ಮಂಜಾಯಿತು, ಬ್ಯಾಟರಿ ಊದಿಕೊಂಡಿತು. ಬ್ಲಡ್ ಅಗರ್ ಮೇಲೆ ಪ್ರೋಟಿಯಸ್ ಬ್ಯಾಕ್ಟೀರಿಯಾ ಅಲೆ ಅಲೆಯಾಗಿ ಹರಡುವ ಒಂದು ವಿಡಿಯೊ ಮಾತ್ರ ಸಿಕ್ಕಿತು. ಸಿಎಲ್‌ಇಡಿಯಲ್ಲಿ ಅದು ಹಾಗೆ ಓಡುವುದಿಲ್ಲ ಅಲ್ವಾ, ಕೆಲಸಕ್ಕೆ ಉಪಯೋಗವಾಗಲಿಲ್ಲ, ನೋಡೋಕೆ ಚೆಂದ. 6 ಮಿ.ಮೀ. ಆಂಟಿಬಯೋಟಿಕ್ ಡಿಸ್ಕನ್ನೇ ಅಳತೆಗೋಲು ಮಾಡಿ, ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಝೋನ್ ಅಳೆಯಲೂ ನೋಡಿದೆ. ಕೋಟ್ರೈಮಾಕ್ಸಜೋಲ್ ಡಿಸ್ಕ್ ಸುತ್ತ ಬರುವ ತೆಳು ಮಬ್ಬಿನಲ್ಲಿ ಅಂಚು ಎಲ್ಲಿ ಅಂತ ಅದಕ್ಕೆ ಗೊತ್ತಾಗಲಿಲ್ಲ. ಆ ಕೆಲಸಕ್ಕೆ ಎಂಎಸ್‌ಎಫ್ (ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್) ಸಂಸ್ಥೆಯವರ ಆಂಟಿಬಯೋಗೋ ಆ್ಯಪ್ ಇದೆ, ನಾನು ಕೈಬಿಟ್ಟೆ.

ಈಗ ಬೆಳಗ್ಗೆ 60 ಪ್ಲೇಟ್ ಇದ್ದರೆ 30ರ ಸುಮಾರು ಪೆಟ್ಟಿಗೆಯಲ್ಲೇ 'ಇಲ್ಲ' ಅಂತ ತೀರ್ಮಾನವಾಗಿ ಪಕ್ಕಕ್ಕೆ ಹೋಗುತ್ತವೆ. ಅವುಗಳಲ್ಲೂ ಹತ್ತಕ್ಕೊಂದನ್ನು ಕಣ್ಣಲ್ಲಿ ನೋಡುತ್ತೇವೆ, ಸಹಿ ಡಾಕ್ಟರದ್ದೇ. ಅಗರ್‌ನ ಲಾಟ್ ಬದಲಾದರೆ ಹಸಿರು ಸ್ವಲ್ಪ ಬದಲಾಗಿ ಮಾಡೆಲ್ ತಕರಾರು ಮಾಡುತ್ತದೆ. ಹೊಸ ಲಾಟ್‌ನ ಐವತ್ತು ಅರವತ್ತು ಫೋಟೊ ಸೇರಿಸಿ ಮತ್ತೆ ಟ್ರೇನ್ ಮಾಡಿದರೆ ಸರಿಹೋಗುತ್ತದೆ.