ಅಟ್ಟಣೆ ಕಾವಲಿಗೆ ಸೇಫ್ಟಿ ಬೆಲ್ಟ್: ನಾನು ಕಟ್ಟಿಕೊಳ್ಳುವ ರೀತಿ

ಮಧುಗಿರಿ ಕಡೆ ಬೆಟ್ಟದ ಪಕ್ಕದಲ್ಲಿ ಹೊಲ ಇದ್ದವರಿಗೆ ಕಡ್ಲೆಕಾಯಿ ಬಲಿಯುವ ಕಾಲದಲ್ಲಿ ರಾತ್ರಿ ಮನೆಯಲ್ಲಿ ಮಲಗುವ ಭಾಗ್ಯ ಇಲ್ಲ. ಹಂದಿ ಹಿಂಡು ಇಳಿದರೆ ಬೆಳಗಾಗುವಷ್ಟರಲ್ಲಿ ಸಾಲು ಸಾಲೇ ಖಾಲಿ. ಕರಡಿಯೂ ಓಡಾಡುವ ಜಾಗ, ನೆಲದ ಮೇಲೆ ಕೂರುವ ಧೈರ್ಯ ನನಗಿಲ್ಲ. ಹಾಗಾಗಿ ಬದುವಿನ ಹುಣಸೆ ಮರದಲ್ಲಿ 12 ಅಡಿ ಎತ್ತರಕ್ಕೆ ಅಟ್ಟಣೆ ಹಾಕಿದ್ದೇನೆ. ಬೇಟೆಗಲ್ಲ, 1972ರ ವನ್ಯಜೀವಿ ಕಾಯ್ದೆ ಗೊತ್ತಲ್ವಾ. ಟಾರ್ಚು, ತಗಡಿನ ಡಬ್ಬ, ಜೋರು ಗಂಟಲು ಇಷ್ಟೇ.

ಮೇಲೆ ಕೂತವನಿಗೆ ಭಯ ಇರಬೇಕಾದ್ದು ತೂಕಡಿಕೆಗೆ. ಅದಕ್ಕೇ ಬೆಲ್ಟ್. ಕಟ್ಟಡ ಕೆಲಸದವರ ಸಾಮಾನು ಮಾರುವ ಅಂಗಡಿಯಲ್ಲೇ ಸಿಗುತ್ತದೆ. ಸೊಂಟಕ್ಕೆ ಮಾತ್ರ ಕಟ್ಟುವುದು ಬೇಡ, ಬಿದ್ದರೆ ಹೊಟ್ಟೆ, ಬೆನ್ನುಮೂಳೆಗೇ ಪೆಟ್ಟು. ಹೆಗಲು, ಎದೆ, ತೊಡೆ ಮೂರೂ ಕಡೆ ಪಟ್ಟಿ ಇರುವ ಫುಲ್ ಬಾಡಿ ಹಾರ್ನೆಸ್ ತಗೊಳ್ಳಿ. ಮೇಲೆ ಐಎಸ್ 3521 ಗುರುತು, ಅಂದರೆ ಇಂಥ ಬೆಲ್ಟಿಗೆ ಇರುವ ಭಾರತೀಯ ಗುಣಮಟ್ಟದ ಸಂಖ್ಯೆ, ಇದೆಯಾ ನೋಡಿ.

ಬೆಲ್ಟ್ ಹಾಕಿಕೊಂಡರೆ ಅರ್ಧ ಕೆಲಸವೂ ಆಗಲಿಲ್ಲ. ಹಗ್ಗ ಎಲ್ಲಿ ಕಟ್ಟುತ್ತೀರಿ, ಎಷ್ಟು ಉದ್ದ ಬಿಡುತ್ತೀರಿ ಅನ್ನುವುದೇ ಮುಖ್ಯ. ಬೆಲ್ಟ್ ಜೊತೆ ಬರುವ ಹಗ್ಗ ಸಾಮಾನ್ಯವಾಗಿ ಆರಡಿ. ಕೆಲವಕ್ಕೆ ಜರ್ಕ್ ತಡೆಯುವ ಮಡಿಸಿದ ಪಟ್ಟಿ ಇರುತ್ತದೆ, ಬಿದ್ದಾಗ ಅದು ಬಿಚ್ಚಿಕೊಂಡು ಇನ್ನೂ ಉದ್ದ ಆಗುತ್ತದೆ. ಅದನ್ನು ಕಾಲ ಬುಡದಲ್ಲಿ ಕೊಕ್ಕೆ ಹಾಕಿ 12 ಅಡಿಯಿಂದ ಬಿದ್ದರೆ? ಹಗ್ಗ ಪೂರ್ತಿ ತಡೆದು ನಿಲ್ಲಿಸುವ ಮೊದಲೇ ನೆಲ ಸಿಗಬಹುದು. ಹತ್ತನೇ ಮಹಡಿಯವನಿಗೆ ಸರಿಹೋಗುವುದು ನಮಗೆ ಹೋಗಲ್ಲ. ನಾನು ಕೂತಾಗ ತಲೆಗಿಂತ ಮೇಲೆ, ಕಾಂಡಕ್ಕೇ ಸುತ್ತಿ ಕಟ್ಟುತ್ತೇನೆ, ಕೊಂಬೆಗಲ್ಲ. ಬೆಲ್ಟಿನ ಬೆನ್ನ ಮೇಲಿರುವ ಡಿ ಆಕಾರದ ಬಳೆಗೆ (ಡಿ ರಿಂಗ್) ಹಾಕಿದಾಗ ಕೂತರೆ ಹಗ್ಗ ಸುಮಾರಾಗಿ ಬಿಗಿಯಾಗೇ ಇರಬೇಕು. ಸ್ವಲ್ಪ ಕಿರಿಕಿರಿ. ಇರಲಿ.

ಹತ್ತುವಾಗ, ಇಳಿಯುವಾಗಲೂ ಕಟ್ಟಿಕೊಂಡೇ ಇರಬೇಕು. ಮರದ ಮೇಲಿಂದ ಬುಡದ ತನಕ 12 ಎಂಎಂ ಹಗ್ಗ ಇಳಿಬಿಟ್ಟು ಎರಡೂ ತುದಿ ಕಟ್ಟಿದ್ದೇನೆ. ಅದಕ್ಕೆ ತೆಳು ಹಗ್ಗದಲ್ಲಿ ಮೂರು ಸುತ್ತಿನ ಪ್ರೂಸಿಕ್ ಗಂಟು. ಕೈಯಲ್ಲಿ ತಳ್ಳಿದರೆ ಜಾರುತ್ತದೆ, ಜಗ್ಗಿದರೆ ಕಚ್ಚಿಕೊಳ್ಳುತ್ತದೆ. ನೆಲದಲ್ಲೇ ಕೊಕ್ಕೆ ಹಾಕಿಕೊಂಡು, ಗಂಟನ್ನು ತಲೆ ಮೇಲಕ್ಕೆ ತಳ್ಳುತ್ತಾ ಹತ್ತುತ್ತೇನೆ. ಟಾರ್ಚು, ನೀರು, ಕಂಬಳಿ ಆಮೇಲೆ ಹಗ್ಗದಲ್ಲಿ ಎಳೆದುಕೊಳ್ಳುವುದು.

ನನ್ನ ಚಿಕ್ಕಪ್ಪನ ಮಗ ನೋಡಿ, "ಏನಣ್ಣಾ, ಎತ್ತಿಗೆ ಕಟ್ಟಿದ ಹಾಗೆ ಕಟ್ಕೊಂಡಿದೀಯ" ಅಂತ ನಕ್ಕ. ಅವನನ್ನೇ ಪಕ್ಕಕ್ಕೆ ನಿಲ್ಲಿಸಿಕೊಂಡು ಹಗಲಲ್ಲಿ ನೆಲದಿಂದ ಒಂದಡಿ ಮೇಲೆ ನೇತಾಡಿ ನೋಡಿದೆ. ಸ್ವಲ್ಪ ಹೊತ್ತಿಗೇ ತೊಡೆಯ ಪಟ್ಟಿ ಒತ್ತಿ ಕಾಲು ಜೋಮು ಹಿಡಿಯಿತು. ರಕ್ತ ಕಾಲಲ್ಲೇ ನಿಂತು ತಲೆ ಸುತ್ತಿ ಎಚ್ಚರ ತಪ್ಪಬಹುದು, ಸುಮ್ನೆ ನೇತಾಡುವುದು ಪ್ರಾಣಕ್ಕೇ ಅಪಾಯ. ಅದಕ್ಕೆ ಬೆಲ್ಟಿನ ಪಕ್ಕದಲ್ಲಿ ಕಾಲಿಟ್ಟು ನಿಲ್ಲುವಂಥ ಒಂದು ಹಗ್ಗದ ಕುಣಿಕೆ ಸಿಕ್ಕಿಸಿರುತ್ತೇನೆ. ಫೋನ್, ಪೀಪಿ ಅಂಗಿ ಜೇಬಲ್ಲಿ, ಚೀಲದಲ್ಲಲ್ಲ.

ಕೊಯ್ಲು ಮುಗಿದ ಮೇಲೆ ಬೆಲ್ಟನ್ನು ಗೊಬ್ಬರ, ಔಷಧಿ ಇಡುವ ಕೋಣೆಯಲ್ಲಿ ಹಾಕಬೇಡಿ, ಬಿಸಿಲಲ್ಲೂ ನೇತುಹಾಕಬೇಡಿ, ದಾರದ ಗಟ್ಟಿತನ ಹೋಗುತ್ತದೆ. ನಾನು ಮುಚ್ಚಳ ಇರುವ ಡ್ರಮ್ಮಲ್ಲಿ ಇಡುತ್ತೇನೆ, ಇಲಿ ಕಾಟ. ಒಂದು ಸಲ ಬಿದ್ದು ಜಗ್ಗಿದ ಬೆಲ್ಟ್ ನೋಡಕ್ಕೆ ಚೆನ್ನಾಗಿದ್ದರೂ ಮತ್ತೆ ಹಾಕೋ ಹಾಗಿಲ್ಲ, ಕತ್ತರಿಸಿ ಬಿಸಾಕಿ.