ನೆಟ್ ಕೈ ಕೊಟ್ಟಾಗ ರೀಸೆಟ್ ಒತ್ಬೇಡಿ, ಮೊದ್ಲು ಎಲ್ಲಿ ಕಟ್ ಆಗಿದೆ ನೋಡಿ

ನೆಟ್ ಹೋದ ತಕ್ಷಣ ತುಂಬಾ ಜನ ರೌಟರ್ ಹಿಂದೆ ಇರೋ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡ್ಬಿಡ್ತಾರೆ. ದಯವಿಟ್ಟು ಅದೊಂದು ಮಾಡ್ಬೇಡಿ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ರೀಸೆಟ್ ಮಾಡಿದ್ರೆ ವೈಫೈ ಹೆಸರು, ಪಾಸ್‌ವರ್ಡ್, ಕನೆಕ್ಷನ್ ಕೊಟ್ಟೋರು ಹಾಕಿಟ್ಟಿದ್ದ ಪಿಪಿಪಿಒಇ (PPPoE, ರೌಟರ್ ಅವರ ನೆಟ್‌ಗೆ ಲಾಗಿನ್ ಆಗೋ ವಿಧಾನ) ಯೂಸರ್‌ನೇಮು ಎಲ್ಲಾ ಅಳಿಸಿ ಹೋಗುತ್ತೆ, ಆಮೇಲೆ ಅದು ಯಾರ ಹತ್ರಾನೂ ಬರೆದಿಟ್ಟಿರಲ್ಲ. ನಾನು ಒಂದ್ಸಲ ಹೀಗೆ ಮಾಡಿ ಎರಡು ದಿನ ನೆಟ್ ಇಲ್ದೆ ಕೂತಿದ್ದೆ, ಕೊನೆಗೆ ನೋಡಿದ್ರೆ ಮೂಲ ತೊಂದ್ರೆ ಇದ್ದಿದ್ದು ಸಡಿಲ ಆಗಿದ್ದ ಒಂದು ಕೇಬಲ್‌ನಲ್ಲಿ.

ಹೊಸದಾಗಿ ಹಾಕ್ಸೋವಾಗ್ಲೇ ಸ್ವಲ್ಪ ಗಮನ ಕೊಟ್ರೆ ಮುಂದೆ ಅರ್ಧ ತಲೆನೋವು ಕಮ್ಮಿ. ಹೊರಗಿಂದ ಬರೋ ಲೈನ್ ಮೋಡೆಮ್‌ಗೆ (ಫೈಬರ್ ಆದ್ರೆ ಅದನ್ನ ಓಎನ್‌ಟಿ ಅಂತಾರೆ), ಅಲ್ಲಿಂದ ಒಂದು ಕೇಬಲ್ ರೌಟರ್‌ನ ವ್ಯಾನ್ ಪೋರ್ಟ್‌ಗೆ (WAN, ಹೊರಗಿನ ಲೈನ್ ಸೇರಿಸೋ ಜಾಗ), ರೌಟರ್‌ನ ಲ್ಯಾನ್ ಪೋರ್ಟ್‌ನಿಂದ (LAN, ಮನೆಯೊಳಗಿನ ಸಾಧನಗಳಿಗೆ) ಕಂಪ್ಯೂಟರ್‌ಗೆ. ಮೋಡೆಮ್, ರೌಟರ್ ಎರಡೂ ಒಂದೇ ಡಬ್ಬದಲ್ಲಿ ಇರೋದೂ ಉಂಟು. ವ್ಯಾನ್ ಪೋರ್ಟ್ ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿ ಇಲ್ಲಾ ಸ್ವಲ್ಪ ದೂರ ಇರುತ್ತೆ, ಅದಕ್ಕೆ ಹಾಕೋ ವೈರನ್ನ ಲ್ಯಾನ್‌ಗೆ ಹಾಕಿದ್ರೆ ವೈಫೈ ಏನೋ ಕಾಣುತ್ತೆ ಆದ್ರೆ ನೆಟ್ ಬರಲ್ಲ. ಆಮೇಲೆ ಬ್ರೌಸರ್‌ನಲ್ಲಿ 192.168.1.1 ಇಲ್ಲಾ 192.168.0.1 ಹೊಡೀರಿ, ನಿಮ್ಮದು ಯಾವುದು ಅಂತ ರೌಟರ್ ಕೆಳಗಿನ ಸ್ಟಿಕರ್‌ನಲ್ಲಿ ಇರುತ್ತೆ, ಒಳಗೆ ಹೋಗಿ ಮೊದ್ಲು ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ವೈಫೈ ಸೆಕ್ಯುರಿಟಿ ಡಬ್ಲ್ಯುಪಿಎ2 ಇಲ್ಲಾ ಡಬ್ಲ್ಯುಪಿಎ3 ಇಡಿ. ಪಿಪಿಪಿಒಇ ಯೂಸರ್‌ನೇಮ್ ಪಾಸ್‌ವರ್ಡ್ ಇದ್ರೆ ಅದನ್ನ ಫೋನಲ್ಲಿ ಅಲ್ಲ, ಒಂದು ಹಾಳೇಲಿ ಬರೆದಿಡಿ.

ಇನ್ನು ನೆಟ್ ಹೋದಾಗ. ಮೊದಲು ಅದೇ ವೈಫೈನಲ್ಲಿ ಫೋನ್ ಹಾಕಿ ನೋಡಿ, ಮೊಬೈಲ್ ಡೇಟಾ ಆಫ್ ಮಾಡಿ ನೋಡ್ಬೇಕು, ಇಲ್ಲಾಂದ್ರೆ ಮೋಸ ಹೋಗ್ತೀರ. ಫೋನಲ್ಲಿ ಬಂದು ಕಂಪ್ಯೂಟರ್‌ನಲ್ಲಿ ಬರ್ಲಿಲ್ಲ ಅಂದ್ರೆ ರೌಟರ್ ಮುಟ್ಟೋ ಅಗತ್ಯಾನೇ ಇಲ್ಲ. ಎರಡರಲ್ಲೂ ಇಲ್ಲ ಅಂದ್ರೆ ಲೈಟ್ ನೋಡಿ. ಫೈಬರ್ ಡಬ್ಬದಲ್ಲಿ ಎಲ್‌ಒಎಸ್ ಅಂತ ಕೆಂಪು ಲೈಟ್ ಉರೀತಿದ್ರೆ ಬೆಳಕಿನ ಸಿಗ್ನಲ್ಲೇ ಬರ್ತಿಲ್ಲ ಅಂತ ಅರ್ಥ, ಕಂಪ್ಯೂಟರ್‌ನಲ್ಲಿ ನೀವು ಏನು ಮಾಡಿದ್ರೂ ಉಪಯೋಗ ಇಲ್ಲ. ಫೈಬರ್ ಕೇಬಲ್ (ಸಾಮಾನ್ಯವಾಗಿ ಹಳದಿ) ಎಲ್ಲಾದ್ರೂ ಮಡಚಿಕೊಂಡಿದ್ಯಾ, ಬೀರು ಹಿಂದೆ ಸಿಕ್ಕಿಹಾಕ್ಕೊಂಡಿದ್ಯಾ ಅಷ್ಟು ನೋಡಿ. ಆ ಕೇಬಲ್ ಬಿಚ್ಚಿ ತುದಿಗೆ ಕಣ್ಣಿಟ್ಟು ಮಾತ್ರ ನೋಡ್ಬೇಡಿ, ಒಳಗೆ ಬರೋದು ಕಣ್ಣಿಗೆ ಕಾಣದ ಲೇಸರ್.

ಲೈಟ್ ಎಲ್ಲಾ ಸರಿ ಇದ್ರೆ ರೀಸ್ಟಾರ್ಟ್. ಮೋಡೆಮ್, ರೌಟರ್ ಎರಡೂ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಮೊದ್ಲು ಮೋಡೆಮ್ ಆನ್ ಮಾಡಿ, ಅದರ ಲೈಟ್ ಮಿನುಗೋದು ನಿಂತು ಸ್ಥಿರವಾಗಿ ಉರಿಯೋಕೆ ಶುರು ಆದ ಮೇಲೆ ರೌಟರ್.

ಇಷ್ಟಾದ್ರೂ ಬರ್ಲಿಲ್ಲ ಅಂದ್ರೆ ಈಗ ಬರೋದೇ ನಂಗೆ ತುಂಬಾ ಇಷ್ಟದ ಭಾಗ, ಯಾಕಂದ್ರೆ ಐದು ನಿಮಿಷದಲ್ಲಿ ತೊಂದ್ರೆ ಎಲ್ಲಿದೆ ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ ಅಂತ ಇಂಗ್ಲಿಷ್ ಅಕ್ಷರದಲ್ಲಿ (ipconfig) ಟೈಪ್ ಮಾಡಿ ಎಂಟರ್ ಒತ್ತಿ. ಐಪಿವಿ4 ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ನಿಮ್ಮ ಕಂಪ್ಯೂಟರ್‌ನ ನಂಬರ್) 169.254 ಇಂದ ಶುರು ಆಗಿದ್ರೆ ರೌಟರ್ ನಿಮ್ಮ ಕಂಪ್ಯೂಟರ್‌ಗೆ ಅಡ್ರೆಸ್ಸೇ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದು ಇಟ್ಕೊಂಡಿದೆ, ಅಂದ್ರೆ ಕೇಬಲ್ ಚೆಕ್ ಮಾಡಿ, ವೈಫೈ ಬಿಟ್ಟು ಮತ್ತೆ ಸೇರಿಸಿ. ಸರಿಯಾದ ಅಡ್ರೆಸ್ ಇದ್ರೆ ಅಲ್ಲೇ ಡೀಫಾಲ್ಟ್ ಗೇಟ್‌ವೇ ಅಂತ ಕಾಣೋ ನಂಬರ್‌ಗೆ ಪಿಂಗ್ ಮಾಡಿ (ping ಅಂತ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ, ಆ ಕಡೆಯಿಂದ ಉತ್ತರ ಬರುತ್ತಾ ನೋಡೋದು), ಅದು ನಿಮ್ಮ ರೌಟರ್. ಉತ್ತರ ಬಂದ್ರೆ ಮನೆ ಒಳಗೆ ಸರಿ ಇದೆ. ಆಮೇಲೆ 8.8.8.8 ಗೆ ಪಿಂಗ್ ಮಾಡಿ, ಅದು ಗೂಗಲ್‌ನ ಡಿಎನ್‌ಎಸ್ ಸರ್ವರ್ (ಸೈಟ್ ಹೆಸರನ್ನ ನಂಬರ್ ಮಾಡಿಕೊಡೋದು). ರೌಟರ್ ಉತ್ತರ ಕೊಟ್ಟು ಇದು ಕೊಡ್ಲಿಲ್ಲ ಅಂದ್ರೆ ತೊಂದ್ರೆ ಇರೋದು ರೌಟರ್‌ನಿಂದ ಆಚೆ, ಇಲ್ಲಾ ಪಿಪಿಪಿಒಇ ಲಾಗಿನ್ ಆಗಿಲ್ಲ. ಇದೂ ಬಂತು ಆದ್ರೆ ಸೈಟ್ ಮಾತ್ರ ಓಪನ್ ಆಗ್ತಿಲ್ಲ ಅಂದ್ರೆ ಸಾಮಾನ್ಯವಾಗಿ ಡಿಎನ್‌ಎಸ್ ಕಾಟ, ಹೆಸರನ್ನ ನಂಬರ್ ಮಾಡೋ ಕೆಲಸ ನಿಂತಿದೆ ಅಷ್ಟೆ, ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಇಲ್ಲಾ 1.1.1.1 ಹಾಕಿ ನೋಡಿ. ಆಗ್ಲೂ ಆಗ್ಲಿಲ್ಲ ಅಂದ್ರೆ ಯಾವಾಗ್ಲೋ ಹಾಕಿದ ವಿಪಿಎನ್ ಇಲ್ಲಾ ಪ್ರಾಕ್ಸಿ (ನಿಮ್ಮ ನೆಟ್‌ನ ಬೇರೆ ಸರ್ವರ್ ಮೂಲಕ ಸುತ್ತಿಸೋವು) ಆನ್ ಇದ್ಯಾ ನೋಡಿ, ಕಂಪ್ಯೂಟರ್‌ನ ತಾರೀಕು ಟೈಮ್ ತಪ್ಪಿದ್ರೂ ಸೈಟ್‌ಗಳು ಸೆಕ್ಯೂರ್ ಅಲ್ಲ ಅಂತ ಎರರ್ ಕೊಡುತ್ವೆ.

ನೆಟ್ ಇದೆ ಆದ್ರೆ ಸ್ಲೋ ಅನ್ನೋರು ಮೊದ್ಲು ಲೆಕ್ಕ ತಿಳ್ಕೊಳ್ಳಿ, 100 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 100 ಮೆಗಾಬಿಟ್, 8 ಬಿಟ್‌ಗೆ ಒಂದು ಬೈಟ್, ಹಾಗಾಗಿ ಡೌನ್‌ಲೋಡ್ ಆಗೋವಾಗ ಸೆಕೆಂಡಿಗೆ 12 ಮೆಗಾಬೈಟ್ ಕಾಣ್ಸಿದ್ರೆ ಅದು ಸರಿಯಾಗೇ ಇದೆ. ಅದಕ್ಕಿಂತ ತೀರಾ ಕಮ್ಮಿ ಇದ್ರೆ ಕೇಬಲ್ ಹಾಕಿ ಟೆಸ್ಟ್ ಮಾಡಿ, ಕೇಬಲ್‌ನಲ್ಲಿ ಸ್ಪೀಡ್ ಬಂದು ವೈಫೈನಲ್ಲಿ ಬರ್ಲಿಲ್ಲ ಅಂದ್ರೆ ರೌಟರ್ ಹತ್ರ ಇರೋರು 5 ಗಿಗಾಹರ್ಟ್ಸ್ ವೈಫೈ ಬಳಸಿ, ಗೋಡೆ ಆಚೆ ಇರೋರಿಗೆ 2.4 ಗಿಗಾಹರ್ಟ್ಸ್ ಚೆನ್ನಾಗಿ ತಲುಪುತ್ತೆ ಆದ್ರೆ ಅದರಲ್ಲಿ ಗಲಾಟೆ ಜಾಸ್ತಿ, ಮೈಕ್ರೋವೇವ್ ಓವನ್ ಆನ್ ಮಾಡಿದ್ರೂ ತೊಂದ್ರೆ ಆಗುತ್ತೆ. 2.4 ನಲ್ಲಿ ಚಾನೆಲ್ 1, 6 ಇಲ್ಲಾ 11 ಇಡಿ, ಈ ಮೂರು ಒಂದರ ಮೇಲೊಂದು ಬೀಳಲ್ಲ. ರೌಟರನ್ನ ಟಿವಿ ಹಿಂದೆ ಬಚ್ಚಿಡ್ಬೇಡಿ.

ಎಲ್‌ಒಎಸ್ ಲೈಟ್ ಕೆಂಪು ಉರೀತಿದ್ದಾಗ, ಇಲ್ಲಾ ಕೇಬಲ್‌ನಲ್ಲೂ ಬರ್ಲಿಲ್ಲ, ಆಚೆಗೆ ಪಿಂಗ್ ಹೋಗ್ತಿಲ್ಲ ಅಂದಾಗ ಮಾತ್ರ ಕನೆಕ್ಷನ್ ಕೊಟ್ಟೋರಿಗೆ ಫೋನ್ ಮಾಡಿ. ನೆಟ್ ಬರ್ತಿಲ್ಲ ಅಂತಷ್ಟೇ ಹೇಳ್ಬೇಡಿ, ಯಾವ ಲೈಟ್ ಹೇಗಿದೆ, ಎಷ್ಟೊತ್ತಿಂದ, ರೌಟರ್‌ಗೆ ಪಿಂಗ್ ಹೋಗುತ್ತೆ ಆಚೆಗೆ ಹೋಗಲ್ಲ ಅಂತ ಹೇಳಿ, ಕಂಪ್ಲೇಂಟ್ ನಂಬರ್ ತಗೊಳ್ಳಿ. ಅವರೇನಾದ್ರೂ ರೀಸೆಟ್ ಒತ್ತಿ ಅಂದ್ರೆ ಆ ಬರೆದಿಟ್ಟ ಹಾಳೆ ಕೈಯಲ್ಲಿ ಇಟ್ಕೊಂಡೇ ಒತ್ತಿ.